ಕೈಯಲ್ಲಿ ಉಳಿದ ಭಾಷಣ

ಮಾರ್ಚ್ ೯, ಭಾನುವಾರ

ಅಮ್ಮಾ,

ನಿನ್ನ ದೊಡ್ಡವಳ ಪ್ರೀತಿಯ ನಮಸ್ಕಾರ. ನಿನ್ನ ಕಾಗದ ಬಂದು ವಾರದ ಮೇಲಾಯಿತು. ಉತ್ತರ ಬರಲಿಲ್ಲ ಅಂತ ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡೋಣ ಎಂದರೆ ನಿನ್ನ ಕಣ್ಣಿಗೆ ಅದು ಒಗ್ಗುವುದಿಲ್ಲ. ಅಷ್ಟು ಪುಟ್ಟ ಗಾಜಿನಲ್ಲಿ ನನ್ನ ಬೆರಳುಗಳು ಇರುವೆ ಹರಿದಾಡಿದ ಹಾಗೆ ಕಾಣುತ್ತವೆ ಎಂದು ನೀನೇ ಅಂದಿದ್ದೆ. ಅದಕ್ಕೆ ದಪ್ಪ ಪೆನ್ನು ಹಿಡಿದು ಸಾಲು ಬಿಟ್ಟು ಸಾಲು ಬರೆಯುತ್ತಿದ್ದೇನೆ. ತಂಗಿಯ ಕೈಗೆ ಕೊಡಬೇಡ. ನೀನೇ ಓದು, ನಿಧಾನವಾಗಿ.

ಇಲ್ಲಿ ನಡೆದದ್ದರಲ್ಲಿ ಅರ್ಧಂಬರ್ಧ ಅಲ್ಲಿಗೂ ತಲುಪಿರಬೇಕು. ತಂಗಿ ಅದಕ್ಕೆ ಉಪ್ಪು ಖಾರ ಹಚ್ಚಿ ಹೇಳಿರುತ್ತಾಳೆ. ನಾನು ಮೊದಲಿಂದ ಹೇಳುತ್ತೇನೆ.

ನಮ್ಮ ಕೊಡೆಯವರು ಬದುಕಿದ್ದರೆ ಈ ವರ್ಷ ನೂರು ತುಂಬುತ್ತಿತ್ತು. ಈಗಿನವರಿಗೆ ಅವರು ದೇಶದ ಮಾಜಿ ಅಧ್ಯಕ್ಷರು, ಒಂದು ರಸ್ತೆಯ ಹೆಸರು, ಒಂದು ಅಂಚೆ ಚೀಟಿ. ಕೊಡೆಯವರು ಎಂಬ ಹೆಸರು ಗೊತ್ತಿರುವುದು ನಮ್ಮ ಮನೆಗೆ ಮತ್ತು ಕಿವುಡರ ಸಂಘಕ್ಕೆ ಮಾತ್ರ. ಆ ಹೆಸರಿಟ್ಟವಳು ನೀನು. ಅವರು ಅಧಿಕಾರ ವಹಿಸಿಕೊಂಡ ಮಾರನೆಯ ದಿನ ಪತ್ರಿಕೆಯಲ್ಲಿ ಒಂದು ಚಿತ್ರ ಬಂದಿತ್ತು. ಜಡಿಮಳೆ. ಕಾರಿನ ಟೈರು ಬದಲಿಸುತ್ತಿರುವ ಚಾಲಕನ ತಲೆಯ ಮೇಲೆ ಅಧ್ಯಕ್ಷರು ಕೊಡೆ ಹಿಡಿದು ನಿಂತಿದ್ದಾರೆ, ತಾವು ಪೂರ್ತಿ ನೆನೆದಿದ್ದಾರೆ. ನೀನು ಆ ಚಿತ್ರವನ್ನು ದಿಟ್ಟಿಸಿ ನೋಡಿ, ಮುಷ್ಟಿಯ ಮೇಲೆ ಅಂಗೈ ಅರಳಿಸಿ ಕೊಡೆ ಬಿಚ್ಚುವ ಹಾಗೆ ಮಾಡಿದೆ. ಅಷ್ಟೇ, ಅದೇ ಅವರ ಹೆಸರಾಯಿತು. ಮುಂದಿನ ಭಾನುವಾರದೊಳಗೆ ಸಂಘದವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು.

ಶತಮಾನೋತ್ಸವಕ್ಕೆ ಇಲ್ಲಿನ ಪುರಭವನದಲ್ಲಿ ಒಂದು ಸಂಜೆ ಇಟ್ಟುಕೊಂಡಿದ್ದರು. ಅವರ ಹಳೆಯ ಭಾಷಣಗಳ ಧ್ವನಿಮುದ್ರಿಕೆ ಹಾಕುವುದು, ಪರದೆಯ ಮೇಲೆ ಹಳೆಯ ಚಿತ್ರಗಳು, ವೇದಿಕೆಯ ಒಂದು ಬದಿಯಲ್ಲಿ ನಿಂತು ನಾನು ಸನ್ನೆ ಭಾಷೆಗೆ ಅನುವಾದಿಸುವುದು. ಇಲಾಖೆಯ ಅನುವಾದಕರಲ್ಲಿ ವಯಸ್ಸಾದವಳು ನಾನೇ. ಅವರ ಮಾತನ್ನು ಅವರ ಕಾಲದಲ್ಲೇ ಕೈಗೆ ತಂದವಳೂ ನಾನೊಬ್ಬಳೇ ಅಂತ ಸಂಚಾಲಕರಿಗೆ ಹೇಳಿದೆ. ಅವರು ನಕ್ಕರು. ತಮಾಷೆ ಅಂದುಕೊಂಡಿರಬೇಕು.

ಅದು ತಮಾಷೆಯಲ್ಲ ಅಂತ ನಿನಗೆ ಗೊತ್ತು. ಅಪ್ಪನಿಗೆ ಬಸ್ ಡಿಪೋದಲ್ಲಿ ಸಂಜೆ ಪಾಳಿ. ರೇಡಿಯೊ ಇದ್ದದ್ದು ಬೀರುವಿನ ಮೇಲೆ. ಅಧ್ಯಕ್ಷರು ಮಾತಾಡುವ ಸಂಜೆ ನೀನು ಮುದ್ರಣಾಲಯದಲ್ಲಿ ಪುಸ್ತಕ ಹೊಲಿದು ಬಂದವಳೇ ಬೆರಳಿಗೆ ಹತ್ತಿದ ಗೋಂದನ್ನು ಉಜ್ಜಿ ಉಜ್ಜಿ ತೊಳೆದು, ಸ್ಟೂಲನ್ನು ದೀಪದ ಕೆಳಕ್ಕೆ ಎಳೆದು, ನನ್ನನ್ನು ಅದರ ಮೇಲೆ ಹತ್ತಿಸುತ್ತಿದ್ದೆ. ತಂಗಿ ನಿನ್ನ ತೊಡೆಯ ಮೇಲೆ. ನನಗಾಗ ಒಂಬತ್ತೋ ಹತ್ತೋ. ಮಧ್ಯೆ ಮಧ್ಯೆ ನೀನು ಎದ್ದು ಬಂದು ರೇಡಿಯೊದ ಮರಕ್ಕೆ ಅಂಗೈ ಒತ್ತುತ್ತಿದ್ದೆ. ಇವರ ಮಾತು ಬೆಕ್ಕು ಮಲಗಿದ ಹಾಗಿದೆ, ಇವರಿಗಿಂತ ಮುಂಚೆ ಇದ್ದವರದು ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗಿತ್ತು ಅನ್ನುತ್ತಿದ್ದೆ.

ನಾನು ಮಾಡಿದ ಅವಾಂತರ ಒಂದೇ ಎರಡೇ. 'ನೆರೆಯ ದೇಶದೊಂದಿಗೆ ಮನಸ್ತಾಪ ಮುಗಿದಿದೆ' ಅಂತ ಅವರು ಅಂದರೆ, ದೇಶಕ್ಕೆ ಸನ್ನೆ ಗೊತ್ತಿಲ್ಲದೆ, ಪಕ್ಕದ ಮನೆಯ ಗೋಡೆಯ ಕಡೆ ಬೆರಳು ತೋರಿಸಿ ಜಗಳ ಮುಗಿಯಿತು ಅಂದೆ. ಮರುದಿನ ನೀನು ಪಕ್ಕದ ಮನೆಯ ಅತ್ತೆಗೆ ಚೀಟಿ ಬರೆದು ಕೇಳಿದೆ: 'ನಿನಗೂ ಅಧ್ಯಕ್ಷರಿಗೂ ಯಾವಾಗ ಜಗಳವಾಗಿತ್ತು? ನನಗೆ ಹೇಳಲೇ ಇಲ್ಲವಲ್ಲ.' ಆ ಅತ್ತೆ ಸಾಯುವ ತನಕ ನನ್ನನ್ನು 'ರಾಯಭಾರಿ' ಅಂತಲೇ ಕರೆದರು. ಇನ್ನು ಸಂವಿಧಾನ. ದಪ್ಪ ಪುಸ್ತಕ, ಅದಕ್ಕೊಂದು ಬೀಗ ಅಂತ ನಾನೇ ಸೃಷ್ಟಿ ಮಾಡಿದ್ದೆ. ನೀನು ತಲೆಯಾಡಿಸಿದೆ. "ಪುಸ್ತಕಕ್ಕೆ ಬೀಗ ಯಾಕೆ? ನಾನು ದಿನವಿಡೀ ಕೂತು ಹೊಲಿಯೋದು ಜನ ತೆರೀಲಿ ಅಂತ ತಾನೆ?"

ಕಾರ್ಯಕ್ರಮಕ್ಕೆ ಮುಂಚೆ ಎಲ್ಲ ಭಾಷಣಗಳನ್ನೂ ಮತ್ತೆ ಓದಿದೆ. ಧ್ವನಿಮುದ್ರಿಕೆಯನ್ನೂ ಕಳಿಸಿಕೊಟ್ಟಿದ್ದರು, ನಾನು ಅಚ್ಚಾದ ಭಾಷಣಗಳ ಪುಸ್ತಕವನ್ನೇ ನೆಚ್ಚಿಕೊಂಡೆ. ನಿಮ್ಮ ವಿಭಾಗದಲ್ಲೇ ಹೊಲಿದದ್ದು, ಅದೇ ಕಂದು ರಟ್ಟು. ಇಷ್ಟು ವರ್ಷ ಬಳಸಿದರೂ ಒಂದು ಹಾಳೆ ಕಿತ್ತು ಬಂದಿಲ್ಲ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಬೆಳಗಿನ ಹೊತ್ತು ಓದುತ್ತಾ ಹೋದೆ. ಕೆಲವು ಹಳಸಿಹೋಗಿವೆ. ಮನೆಗೊಂದು ಟೆಲಿಫೋನು ಬಂದರೆ ಮನುಷ್ಯರ ನಡುವೆ ತಪ್ಪು ತಿಳುವಳಿಕೆಯೇ ಇರುವುದಿಲ್ಲ ಅಂತ ಒಂದು ಕಡೆ ಹೇಳಿದ್ದಾರೆ. ಪಾಪ. ತೆರಿಗೆಯ ಮೇಲಿನ ಭಾಷಣ ಈಗಲೂ ನಿದ್ದೆಗೆ ಒಳ್ಳೆಯದು. ಅವತ್ತು ನೀನೂ ತಂಗಿಯೂ ಕೂತಲ್ಲೇ ತೂಕಡಿಸಿದ್ದಿರಿ, ನಾನು ಮಾತ್ರ ಗೋಡೆಗೆ ಅನುವಾದ ಮಾಡುತ್ತಾ ನಿಂತಿದ್ದೆ. ಬಸ್ ಕೆಲಸಗಾರರ ಮುಷ್ಕರವನ್ನು ಅಧ್ಯಕ್ಷರು ಮುರಿದ ವರ್ಷದ ಭಾಷಣ ಓದುವಾಗ ಅಪ್ಪನ ಮುಖ ಕಣ್ಣಿಗೆ ಕಟ್ಟಿತು. "ನಿಮ್ಮ ಕೊಡೆ ನಮ್ಮ ತಲೆ ಮೇಲೆ ಮಾತ್ರ ಬಿಚ್ಚಲ್ಲ" ಅಂತ ಅಪ್ಪ ಅಂದಿದ್ದರು. ಅಪ್ಪನ ಮಾತು ಸುಳ್ಳಲ್ಲ. ಆ ಮನುಷ್ಯನನ್ನು ದೇವರು ಮಾಡಿ ಕೂರಿಸುವವರನ್ನು ಕಂಡರೆ ನನಗೂ ಕಸಿವಿಸಿಯಾಗುತ್ತದೆ.

ಆದರೆ ಕೆಲವು ಮಾತು ಇವತ್ತು ಬೆಳಗ್ಗೆ ಬರೆದ ಹಾಗಿವೆ, ಅಮ್ಮ. ಮೊದಲ ದಿನದ್ದು ನೋಡು: 'ನಾಳೆಯಿಂದ ನಾನು ನಿಮ್ಮ ನೌಕರ. ದಯವಿಟ್ಟು ಹೊಗಳಬೇಡಿ, ಕೆಲಸದಲ್ಲಿ ಮೈಗಳ್ಳತನ ಬರುತ್ತದೆ.' ವಿದ್ಯುತ್ ಇಲ್ಲದ ಚಳಿಗಾಲದಲ್ಲಿ ಎರಡು ಮನೆಯವರು ಒಂದು ದೀಪದ ಸುತ್ತ ಕೂರಿ, ಹಾಗಾದರೂ ಪರಿಚಯವಾಗಲಿ ಅಂದಿದ್ದರು. ಆಮೇಲೆ ಆ ಭಾಷಣ. ನಾನು ಆ ಪುಟಕ್ಕೆ ಬಂದಾಗ ಪುಸ್ತಕ ಮುಚ್ಚಿಟ್ಟು ಎದ್ದು ಹೋಗಿ ಪಾತ್ರೆ ತೊಳೆದೆ. ಆಮೇಲೆ ಬಂದು ಕೂತೆ.

ಗಡಿಯಾಚೆಯಿಂದ ಬಂದವರ ಅಂಗಡಿಗಳಿಗೆ ಬೆಂಕಿ ಹಚ್ಚಿದ ವಾರ ಅದು. ಬೈಂಡಿಂಗ್ ಮೇಜಿನಲ್ಲಿ ನಿನ್ನ ಪಕ್ಕ ಕೂರುತ್ತಿದ್ದ ಸೂಜಿಯಕ್ಕನೂ ಅವರಲ್ಲೊಬ್ಬಳು. ಯಾವಾಗಲೂ ಕಾಲರಿಗೆ ಎರಡು ಸೂಜಿ ಚುಚ್ಚಿಕೊಂಡಿರುತ್ತಿದ್ದಳು, ಒಂದು ತನಗೆ, ಒಂದು ನಿನಗೆ. ನಿನ್ನ ಜೊತೆ ಮಾತಾಡಲಿಕ್ಕೆ ಅಂತಲೇ ಊಟದ ಬಿಡುವಿನಲ್ಲಿ ಕೈಭಾಷೆ ಕಲಿತವಳು. ಅವಳು ಕೆಲಸಕ್ಕೆ ಬಾರದೆ ನಾಲ್ಕಾರು ದಿನವಾಗಿತ್ತು. ಯಾರೂ ಅವಳ ವಿಷಯ ಎತ್ತುತ್ತಿರಲಿಲ್ಲ. ಆ ಸಂಜೆ ಅಧ್ಯಕ್ಷರು ಮಾತಾಡುತ್ತಾರೆ ಅಂದಾಗ ನೀನು ಕೈ ತೊಳೆಯದೆ ಬಂದು ಕೂತೆ.

ಅವರ ಮಾತು ಪುಸ್ತಕದಲ್ಲಿ ಹೀಗಿದೆ: 'ಅಂಗಡಿಗಳಿಗೆ ಬೆಂಕಿ ಬಿದ್ದಾಗ ಕಾವಲಿನವರು ಎಲ್ಲಿದ್ದರು ಎಂದು ಕೇಳಿ. ಅವರು ನನ್ನ ಅಪ್ಪಣೆಯಲ್ಲಿದ್ದವರು. ಹಾಗಾದರೆ ನಾನು ಎಲ್ಲಿದ್ದೆ ಎಂದು ಕೇಳಿ. ಉತ್ತರ ಬರುವ ತನಕ ಕೇಳಿ. ಹೀಗೆ ಕೇಳುವವರನ್ನು ದೇಶದ ಶತ್ರುಗಳೆಂದು ನಾಳೆ ಯಾರಾದರೂ ಪಟ್ಟಿ ಮಾಡಿದರೆ, ಮೊದಲ ಹೆಸರು ನನ್ನದು ಬರೆಯಲಿ.'

ನಾನು 'ಕೇಳಿ' ಅನ್ನುವುದಕ್ಕೆ ಕಿವಿ ಮುಟ್ಟಿ ತೋರಿಸಿದೆ. ನಿನ್ನ ಹುಬ್ಬು ಗಂಟಾಯಿತು. "ಯಾರು ಕೇಳಿಸ್ಕೋಬೇಕು? ನನ್ನ ಕೈಲಿ ಆಗದ ಕೆಲಸ ಹೇಳ್ತಿದಾರಲ್ಲ." ನಾನು ತಡಬಡಾಯಿಸಿ, ಅದಲ್ಲ, ಪ್ರಶ್ನೆ, ಪ್ರಶ್ನೆ ಅಂತ ಬೆರಳು ಕುಣಿಸಿದೆ. ಆಗ ನೀನು ಅಂದೆ: "ಹಾಗಾದ್ರೆ ನಾನೂ ಕೇಳಬಹುದು." ಆಮೇಲೆ ಆ ಭಾಗವನ್ನು ಮತ್ತೆ ಮತ್ತೆ ನನ್ನ ಕೈಯಲ್ಲಿ ಹೇಳಿಸಿದೆ. ರೇಡಿಯೊದಲ್ಲಿ ಅಧ್ಯಕ್ಷರು ಮುಂದೆ ಹೋಗಿಬಿಟ್ಟಿದ್ದರು. ಉಳಿದದ್ದು ಏನು ಹೇಳಿದರು ಅಂತ ನಮಗಿಬ್ಬರಿಗೂ ಪುಸ್ತಕ ಬರುವ ತನಕ ಗೊತ್ತಾಗಲಿಲ್ಲ.

ಮುಗಿದ ಕೂಡಲೇ ನೀನು ಶಾಲು ಹೊದ್ದೆ. ಮಕ್ಕಳಿಬ್ಬರನ್ನೂ ಎರಡು ಕೈಯಲ್ಲಿ ಹಿಡಿದು, ಸುಟ್ಟ ಅಂಗಡಿಗಳ ಬೀದಿಯಲ್ಲಿ ನಡೆದು, ಒಂದೊಂದೇ ಬಾಗಿಲು ತಟ್ಟಿಸಿದೆ. ತಟ್ಟುವವಳು ನಾನು, ಒಳಗಿನವರು ಏನಂದರು ಅಂತ ಹೇಳುವವಳೂ ನಾನು. ಯಾವುದೋ ಮನೆಯ ಹಿಂದಿನ ಸೌದೆ ಕೋಣೆಯಲ್ಲಿ ಸೂಜಿಯಕ್ಕ ಸಿಕ್ಕಳು. ನಿನ್ನನ್ನು ನೋಡಿದವಳು ಮೊದಲು ಕಾಲರು ಮುಟ್ಟಿಕೊಂಡಳು, ಸೂಜಿ ಇದೆಯಾ ಅಂತ. ಊರು ತಣ್ಣಗಾಗುವವರೆಗೆ ನಮ್ಮ ಮನೆಯಲ್ಲೇ ಇದ್ದಳು. ನನ್ನ ಮಂಚ ಅವಳಿಗೆ, ನಾನು ನಿನ್ನ ಪಕ್ಕ. ಅಪ್ಪ ಮೊದಲ ದಿನ ಗೊಣಗಿದರು. ಎರಡನೆಯ ದಿನ ಅವಳಿಗಾಗಿ ಬಾಗಿಲಿಗೆ ಒಳಗಿನಿಂದ ಇನ್ನೊಂದು ಅಗುಳಿ ಹಾಕಿಸಿದರು. ಆ ಅಗುಳಿ ಹಾಕಿದ ಸದ್ದಿಗೆ ಅವಳು ಅತ್ತದ್ದು ನನಗೆ ಈಗಲೂ ಕಣ್ಣಲ್ಲಿದೆ.

ಈಗ ಪುರಭವನದ ವಿಷಯಕ್ಕೆ ಬರುತ್ತೇನೆ. ನಮ್ಮವರಿಗೆ ಮುಂದಿನ ಎರಡು ಸಾಲು ಕಾದಿರಿಸಿದ್ದರು. ಸಂಘದ ಹಳಬರಲ್ಲಿ ಉಳಿದವರೆಲ್ಲ ಬಂದಿದ್ದರು. ಬೂಟು ಹೊಲಿಯುತ್ತಿದ್ದ ತಾತ ಕೋಲು ಹಿಡಿದು ಬಂದಿದ್ದರು, ಬಟ್ಟೆಗೆ ಇಸ್ತ್ರಿ ಮಾಡುತ್ತಿದ್ದ ಅವಳಿ ಅಕ್ಕತಂಗಿಯರು ಒಂದೇ ಬಣ್ಣದ ಕೋಟು ತೊಟ್ಟು ಬಂದಿದ್ದರು. ಹಿಂದೆಲ್ಲ ಕಿವಿ ಕೇಳುವವರು, ಅಧಿಕಾರಿಗಳು, ಕಾಲೇಜು ಮಕ್ಕಳು. ನನಗೆ ಕಪ್ಪು ಬಟ್ಟೆ, ಮುಖಕ್ಕೆ ದೀಪ. ಸ್ಪೀಕರುಗಳು ನನ್ನ ಬೆನ್ನಿಗಿದ್ದವು. ಪ್ರತಿ ಭಾಷಣ ಶುರುವಾಗುವಾಗ ಕೈ ಎತ್ತಿ ತೋರಿಸು ಅಂತ ಧ್ವನಿ ನೋಡಿಕೊಳ್ಳುವ ಹೆಂಗಸಿಗೆ ಹೇಳಿಟ್ಟಿದ್ದೆ. ಅವಳು ಪಾಪ ತಪ್ಪದೆ ಎತ್ತಿದಳು.

ಮೊದಲ ದಿನದ ಭಾಷಣ ಚೆನ್ನಾಗಿ ಹೋಯಿತು. ಮೈಗಳ್ಳತನದ ಮಾತಿಗೆ ನಮ್ಮ ಸಾಲುಗಳು ನಕ್ಕವು. ದೀಪದ ಭಾಷಣಕ್ಕೆ ಅವಳಿಗಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಕೊನೆಗೆ ಆ ಭಾಷಣ. ಅಮ್ಮ, ಅಲ್ಲಿ ನಿಂತು ಕೈ ಎತ್ತಿದಾಗ ನನಗೆ ಸ್ಟೂಲಿನ ಮೇಲೆ ನಿಂತ ಹಾಗೇ ಅನ್ನಿಸಿತು. ಬೆಂಕಿ ಬಿದ್ದದ್ದು, ಕಾವಲಿನವರು, ಎಲ್ಲ ಕೈಗೆ ತಾನಾಗಿ ಬಂತು.

ಅಷ್ಟರಲ್ಲಿ ಹಿಂದಿನ ಸಾಲಿನವರು ಚಪ್ಪಾಳೆ ತಟ್ಟುತ್ತಾ ಎದ್ದು ನಿಲ್ಲತೊಡಗಿದರು. ಪರದೆಯ ಮೇಲೆ ಹೂಗುಚ್ಛದ ಚಿತ್ರ ಬಂತು. ಧ್ವನಿಮುದ್ರಿಕೆಯಲ್ಲಿ ಆ ಭಾಗ ಕತ್ತರಿಸಿ, ಕೊನೆಯ ಒಂದು ವಾಕ್ಯ ಇಟ್ಟು, ಬ್ಯಾಂಡಿನ ಸಂಗೀತ ಹಾಕಿದ್ದರು. ನನ್ನ ಕೈ ಮಾತ್ರ 'ನಾನು ಎಲ್ಲಿದ್ದೆ ಎಂದು ಕೇಳಿ' ಅನ್ನುವಲ್ಲಿತ್ತು. ಮುಂದಿನ ಎರಡು ಸಾಲಿನಲ್ಲಿ ಒಬ್ಬರೂ ಎದ್ದಿರಲಿಲ್ಲ. ಎಲ್ಲರ ಕಣ್ಣೂ ನನ್ನ ಕೈ ಮೇಲೆ. ನಾನು ನಿಲ್ಲಿಸಲಿಲ್ಲ. ಪಟ್ಟಿಯ ಮಾತೂ ಮುಗಿಸಿ, ಮೊದಲ ಹೆಸರು ನನ್ನದು ಅಂತ ಎದೆ ಮುಟ್ಟಿಕೊಂಡು, ಕೈ ಇಳಿಸಿದೆ. ನಾನು ಬ್ಯಾಂಡಿನ ಸಂಗೀತವನ್ನು ಅನುವಾದಿಸುತ್ತಿದ್ದೇನೆ ಅಂದುಕೊಂಡು ಹಿಂದಿನವರು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರಂತೆ. ನಮ್ಮವರ ಚಪ್ಪಾಳೆಯೇ ಬೇರೆ, ಎರಡೂ ಕೈ ಮೇಲೆತ್ತಿ ಬೆರಳು ಅಲ್ಲಾಡಿಸುತ್ತಿದ್ದರು. ಗಾಳಿಗೆ ಸಿಕ್ಕ ಎಲೆಗಳ ಹಾಗೆ.

ಆಮೇಲೆ ಬೂಟಿನ ತಾತ ನನ್ನನ್ನು ಮೆಟ್ಟಿಲ ಬಳಿ ತಡೆದರು. "ಆ ಬೆಂಕಿಯ ವಾರ ನಿಮ್ಮಮ್ಮ ಸಂಘದಲ್ಲಿ ಹೇಳಿದ ಹಾಗೇ ಹೇಳಿದೆ," ಅಂದರು. ನಾನು ಅದು ಅಧ್ಯಕ್ಷರ ಮಾತು ತಾತ ಅಂದೆ. ಅವರಿಗೆ ಆಶ್ಚರ್ಯ. "ಅಧ್ಯಕ್ಷರದಾ? ಅವಳು ಎದೆ ಮುಟ್ಕೊಂಡು 'ಮೊದಲ ಹೆಸರು ನನ್ನದು' ಅಂದಳು. ನಾವೆಲ್ಲ ಅವಳದೇ ಮಾತು ಅಂದ್ಕೊಂಡಿದ್ವಿ. ಅದಕ್ಕೇ ಮರುದಿನ ನಾವೂ ನಾಲ್ಕು ಜನ ನಮ್ಮ ಮನೆಗಳಿಗೆ ಗಡಿಯಾಚೆಯವರಲ್ಲಿ ಒಬ್ಬೊಬ್ಬರನ್ನ ಕರ್ಕೊಂಡು ಹೋದ್ವಿ." ಈ ವಿಷಯ ನಿನಗೆ ಗೊತ್ತಿತ್ತೋ ಇಲ್ಲವೋ. ಕಾಗದದಲ್ಲಿ ಬರೆ.

ಯಾರೋ ಕಾಲೇಜಿನ ಹುಡುಗಿ ಇದನ್ನೆಲ್ಲ ಫೋನಿನಲ್ಲಿ ಹಿಡಿದಿದ್ದಳು. ಅವಳ ಅಣ್ಣ ಕಿವುಡನಂತೆ. ಇಬ್ಬರೂ ಕೂತು ಕೆಳಗೆ ಅಕ್ಷರ ಹಾಕಿ ಹಂಚಿಬಿಟ್ಟರು. ಬ್ಯಾಂಡಿನ ಸಂಗೀತದ ಅಡಿಯಲ್ಲಿ ಕೊಡೆಯವರ ಮಾತು ಓಡುತ್ತದೆ. ಮೂರೇ ದಿನದಲ್ಲಿ ಊರೆಲ್ಲ ಅದೇ ಸುದ್ದಿ. ಹಾಲಿನ ಅಂಗಡಿಯವನು ನನ್ನನ್ನು ನೋಡಿ ಎದ್ದು ನಿಂತ. ಎಲ್ಲರೂ ಧೈರ್ಯವಂತೆ, ಧೈರ್ಯವಂತೆ ಅನ್ನುತ್ತಿದ್ದರು.

ಇಲಾಖೆಯಿಂದ ಕರೆ ಬಂತು. ಸಂಚಾಲಕರು ನಿಜಕ್ಕೂ ಕೆಟ್ಟವರಲ್ಲ. ಕುರ್ಚಿ ಎಳೆದು ಕೂರಿಸಿ, ನನ್ನ ಮುಖಕ್ಕೆ ಮುಖ ಕೊಟ್ಟು ಮಾತಾಡಿದರು. ಮೇಲಿನವರು ಕೋಪದಲ್ಲಿದ್ದಾರೆ ಅಂದರು. "ಮೇಡಂ, ಧ್ವನಿ ಮೊದಲೇ ಕಳಿಸಿದ್ವಿ. ಆ ಭಾಗ ಇಲ್ಲ ಅಂತ ನಿಮಗೆ ಗೊತ್ತಿತ್ತಲ್ಲ?"

"ಪುಸ್ತಕದಲ್ಲಿ ಇರೋದನ್ನ ಹೇಳಿದೆ," ಅಂದೆ.

"ಪುಸ್ತಕದಲ್ಲಿದೆ, ಇಲ್ಲ ಅನ್ನಲ್ಲ. ಆದ್ರೆ ಈಗಿನ ಪರಿಸ್ಥಿತಿ ಬೇರೆ. ಜನ ಅದನ್ನ ಈಗಿನವರಿಗೆ ಅನ್ವಯಿಸ್ಕೊಳ್ತಾರೆ." ಮೇಜಿನ ಮೇಲಿನ ಪೇಪರ್‌ವೇಟನ್ನು ಒಂದು ಸುತ್ತು ತಿರುಗಿಸಿದರು. "ಒಂದು ಮಾತು ಹೇಳಿಬಿಡಿ ಸಾಕು. ಆಕಸ್ಮಿಕವಾಗಿ ಆಯ್ತು, ಗೊಂದಲದಲ್ಲಿ ಕೈ ಮುಂದೆ ಹೋಯ್ತು ಅಂತ. ನಾನು ಎರಡು ಸಾಲು ಬರೀತೀನಿ, ನೀವು ಸಹಿ ಹಾಕಿ. ನಿಮ್ಮ ಕೆಲಸಕ್ಕೇನೂ ತೊಂದರೆ ಆಗಲ್ಲ."

ಕಿಟಕಿಯ ಆಚೆ ಬೀದಿಯಲ್ಲಿ ಯಾರೋ ಏಣಿ ಹಾಕಿಕೊಂಡು ಕೊಡೆಯವರ ಶತಮಾನೋತ್ಸವದ ಬ್ಯಾನರು ಇಳಿಸುತ್ತಿದ್ದರು. ನಾನು ಅದನ್ನೇ ನೋಡುತ್ತಾ ಕೂತಿದ್ದೆ. ಕೊನೆಗೆ ಅಂದೆ: "ಆಕಸ್ಮಿಕ ಅಲ್ಲ. ಬೇಕು ಅಂತಲೇ ಹೇಳಿದೆ."

ಅವರು ಪೇಪರ್‌ವೇಟನ್ನು ಪಕ್ಕಕ್ಕೆ ಸರಿಸಿ ಎದ್ದರು. ಬಾಗಿಲ ತನಕ ಬಂದು ಬೀಳ್ಕೊಟ್ಟರು. ಹೋಗುವಾಗ, ತಮ್ಮ ಅಜ್ಜಿಯೂ ಗಡಿಯಾಚೆಯಿಂದ ಬಂದವರು ಅಂತ ತುಟಿ ಮಾತ್ರ ಆಡಿಸಿ ಹೇಳಿದರು. ಮಾರನೆಯ ದಿನ ಅನುವಾದಕರ ಪಟ್ಟಿಯಿಂದ ನನ್ನ ಹೆಸರು ತೆಗೆದಿರುವುದಾಗಿ ಆದೇಶ ಬಂತು. ಸಹಿ ಅವರದೇ.

ನೀನು ಗಾಬರಿಯಾಗಬೇಡ. ನನಗೆ ಊಟಕ್ಕೆ ತೊಂದರೆ ಇಲ್ಲ, ನಿದ್ದೆ ಚೆನ್ನಾಗಿ ಬರುತ್ತಿದೆ. ಸಂಘದ ಹಳಬರು ಭಾನುವಾರ ಬಂದು ಆ ಕಂದು ಪುಸ್ತಕ ಪೂರ್ತಿ ಕೈಯಲ್ಲಿ ಹೇಳು, ತೆರಿಗೆಯದ್ದನ್ನೂ ಬಿಡಬೇಡ ಅಂತ ಹಟ ಹಿಡಿದಿದ್ದಾರೆ. ಕಾಲೇಜಿನ ಹುಡುಗಿ ಅದನ್ನೆಲ್ಲ ಹಿಡಿದಿಡುತ್ತಾಳಂತೆ. ಇವತ್ತು ಮೊದಲ ಸಭೆ. ತಾತ ಈಗಾಗಲೇ ಮೆಟ್ಟಿಲ ಮೇಲೆ ಬಂದು ಕೂತು, ನಾನು ಕಾಗದ ಮುಗಿಸುವುದನ್ನು ಕಾಯುತ್ತಿದ್ದಾರೆ.

ಕಣ್ಣಿಗೆ ಔಷಧಿ ಬಿಟ್ಟುಕೊಳ್ಳುವುದನ್ನು ಮರೆಯಬೇಡ. ತಂಗಿಯ ಮಕ್ಕಳಿಗೆ ನನ್ನ ಮುದ್ದು.

ನಿನ್ನ ಮಡಿಲಲ್ಲಿ ತಲೆಯಿಟ್ಟಿರುವ,
ದೊಡ್ಡವಳು

ಇನ್ನೊಂದು ಮಾತು. ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಧ್ವನಿ ಕತ್ತರಿಸಿದ್ದು ನನಗೆ ಗೊತ್ತೇ ಇರಲಿಲ್ಲ, ಅಮ್ಮ. ಜನ ಎದ್ದು ನಿಂತದ್ದನ್ನು ಕಂಡ ಮೇಲೇ ಗೊತ್ತಾಯಿತು. ನನಗೆ ಕೇಳಿಸುತ್ತಿಲ್ಲ. ಎಡಗಿವಿ ಹೋಗಿ ಎರಡು ವರ್ಷವಾಯಿತು, ಬಲದ್ದೂ ಅದರ ಹಿಂದೆಯೇ ಹೊರಟಿದೆ. ಕಿವಿಗೆ ಮಿಷನ್ ಹಾಕಿಕೊಂಡರೂ ಅಷ್ಟಕ್ಕಷ್ಟೇ ಅಂತ ಡಾಕ್ಟರು ಹೇಳಿದ್ದಾರೆ. ಅವತ್ತು ಇಡೀ ಸಂಜೆ ನಾನು ಅನುವಾದಿಸಿದ್ದು ಪುಸ್ತಕವನ್ನು ಮತ್ತು ನೆನಪನ್ನು. ಸಂಚಾಲಕರು ಹೇಳಿದ್ದೇ ನಿಜ, ಶುರುವಾದದ್ದು ಆಕಸ್ಮಿಕ. ಆದರೆ ಹಾಗಂತ ಸಹಿ ಹಾಕಿದ್ದರೆ ಆ ಮಾತೇ ತಪ್ಪು ಅಂತ ಅವರು ಓದಿಕೊಳ್ಳುತ್ತಿದ್ದರು. ಅದಕ್ಕೆ ಸುಳ್ಳು ಹೇಳಿದೆ. ಆ ಕೆಲಸ ನಾನು ಹೇಗೂ ಬಿಡಲೇಬೇಕಿತ್ತು, ಅದನ್ನೂ ನಿನಗೆ ಮಾತ್ರ ಹೇಳುತ್ತಿದ್ದೇನೆ. ಡಾಕ್ಟರು ನನ್ನನ್ನು ಸಮಾಧಾನಪಡಿಸಲು ಬಹಳ ಒದ್ದಾಡಿದರು. ನಾನು ತವರಿಗೆ ಹೊರಟಿದ್ದೇನೆ ಅಂತ ಅವರಿಗೆ ಹೇಗೆ ತಿಳಿಸುವುದು? ಮುಂದಿನ ತಿಂಗಳು ಬರುತ್ತೇನೆ, ನಾಲ್ಕು ದಿನಕ್ಕಲ್ಲ. ತಂಗಿಗೆ ಈಗಲೇ ಹೇಳಬೇಡ. ಅವಳು ಫೋನು ಮಾಡಿ ಕಿರುಚುತ್ತಾಳೆ, ನಾನು ಎಲ್ಲದಕ್ಕೂ ಹ್ಞೂಂ ಅಂದುಬಿಡುತ್ತೇನೆ.